ನೀರಿಗೆ ದಾರಿ ಬಿಟ್ಟ ಗೋಡೆ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅಜ್ಜ-ಅಜ್ಜಿಯರೂ ಜೊತೆಗೆ ಕೂತು ಕೇಳಲಿ.

ನಮ್ಮ ಮನೆ ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ, ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿದೆ. ಹಿತ್ತಲಲ್ಲಿ ಐದಡಿ ಎತ್ತರದ ಧರೆ. ಅದರ ಬುಡದಲ್ಲೇ ನನ್ನ ಮೊಮ್ಮಗಳ ಅಡುಗೆಯಾಟ. ಮಳೆಗೆ ಮಣ್ಣು ಜಾರಬಾರದೆಂದು ಅಲ್ಲಿ ಕೆಂಪುಕಲ್ಲಿನ ತಡೆಗೋಡೆ ಕಟ್ಟಿಸಿದೆ.

ಈ ಕೆಂಪುಕಲ್ಲಿಗೆ ಮುರಕಲ್ಲು, ಚಿರೇಕಲ್ಲು, ಜಂಬಿಟ್ಟಿಗೆ ಎಂದೆಲ್ಲ ಹೆಸರಿದೆ. ನೆಲದೊಳಗಿರುವಾಗ ಮೆತ್ತಗಿರುತ್ತದೆ, ಕಡಿದು ಗಾಳಿ-ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯಲ್ಲೂ ಸುತ್ತಾಡಿದ್ದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು 'ಲ್ಯಾಟರೈಟ್' ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ.

ಗೋಡೆ ಏಳುವಾಗ ಮೇಸ್ತ್ರಿ ಹೇಳಿದರು, "ಮಾಷ್ಟ್ರೇ, ನಡುನಡುವೆ ತೂತು ಬಿಡುವ. ನೀರಿಗೆ ದಾರಿ ಬೇಕಲ್ವಾ?"

"ಚೆಂದದ ಗೋಡೆಗೆ ತೂತು ಯಾಕೆ? ಬೇಡ" ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಆಟಿ ತಿಂಗಳ ಮಳೆ ಮೂರು ದಿನ ಬಿಡದೆ ಸುರಿಯಿತು. ಮೂರನೆಯ ರಾತ್ರಿ ಹಿತ್ತಲಲ್ಲಿ ದಡಾರನೆ ಸದ್ದು. ಬೆಳಗ್ಗೆ ನೋಡಿದರೆ ಅರ್ಧ ಗೋಡೆ ಅಡ್ಡ ಬಿದ್ದಿತ್ತು. ಕಲ್ಲುಗಳ ಅಡಿಯಲ್ಲಿ ಮೊಮ್ಮಗಳ ಗೆರಟೆ ಪಾತ್ರೆಗಳು! ಹಿಂದಿನ ಸಂಜೆ ಮಳೆ ಸ್ವಲ್ಪ ಹೊಳವಾದಾಗ ಅವಳು ಅಲ್ಲೇ ಕೂತಿದ್ದಳು. ಆ ದಿನ ನನಗೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಅವಳು ಒಂದು ಪ್ಲಾಸ್ಟಿಕ್ ಬಾಟಲಿ ತಂದಳು. ಮೇಲೆ, ನಡುವೆ, ಕೆಳಗೆ ಒಂದೊಂದು ತೂತು. "ಅಜ್ಜ, ಶಾಲೆಯಲ್ಲಿ ಮಾಡಿಸಿದ್ರು, ನೋಡಿ" ಎಂದು ನೀರು ತುಂಬಿಸಿದಳು. ಕೆಳಗಿನ ತೂತಿನಿಂದ ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮಿತು. "ನೀರು ಆಳ ಆದಷ್ಟೂ ಹೆಚ್ಚು ನೂಕುತ್ತದೆ."

ಗೋಡೆಯ ಹಿಂದೆ ಆದದ್ದೂ ಅದೇ. ಒದ್ದೆ ಮಣ್ಣಿನ ಭಾರದ ಜೊತೆಗೆ ನಿಂತ ನೀರೂ ನೂಕಿತು. ಒಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿಯಷ್ಟು ನೀರೇ 1000 ಕಿಲೋ ತೂಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಾಗ ಅದು ಗೋಡೆಯನ್ನೇ ಕೆಡವಿತು.

ಮಳೆಗಾಲ ಮುಗಿದ ಮೇಲೆ ಅದೇ ಮೇಸ್ತ್ರಿಯ ಮನೆಗೆ ನಾನೇ ಹೋದೆ. "ನಿಮ್ಮ ಮಾತು ಕೇಳಬೇಕಿತ್ತು" ಎಂದೆ. ಅವರು ನಕ್ಕು, ಮರುದಿನವೇ ನೂಲು, ಕರಣೆ, ರಸಮಟ್ಟ ಹಿಡಿದು ಬಂದರು.

ಈ ಸಲ ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿದರು. ಬುಡ ಅಗಲ, ಮೇಲೆ ಕಿರಿದು. ಗೋಡೆ ತುಸು ಧರೆಯ ಕಡೆಗೇ ವಾಲಿದಂತೆ. ಒಣಕಲ್ಲು ಗಾರೆಯ ನೀರು ಹೀರಿಬಿಡುತ್ತದೆಂದು ಪ್ರತಿ ಕಲ್ಲನ್ನೂ ನೆನೆಸಿದರು. ಕೆಳಗಿನ ಸಾಲಿನ ಸಂದಿಯ ನೇರಕ್ಕೆ ಮೇಲಿನ ಸಂದಿ ಬಾರದಂತೆ ಕಲ್ಲಿಟ್ಟರು. ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ಹೊರಕ್ಕೆ ಇಳಿಜಾರಾಗಿ ಪೈಪಿನ ತುಂಡುಗಳನ್ನು ಇಟ್ಟರು. ಆಮೇಲೆ ಏಳು ದಿನ ಬೆಳಗ್ಗೆ-ಸಂಜೆ ಗೋಡೆಗೆ ನೀರು ಹಾಕುವ ಕೆಲಸ ಮೊಮ್ಮಗಳದ್ದು.

ಮುಂದಿನ ಮಳೆಗೆ ಆ ಪೈಪುಗಳಿಂದ ಕೆಂಪು ನೀರು ಸುರಿಯತೊಡಗಿತು. ಮೊಮ್ಮಗಳು ಅಡುಗೆಮನೆಯ ಕಿಟಕಿಯಿಂದ ಎಣಿಸಿದಳು: "ಒಂಬತ್ತೂ ಸುರಿಯುತ್ತಿವೆ, ಅಜ್ಜ!"

ಮಕ್ಕಳೇ, ಮಳೆಗಾಲಕ್ಕೆ ಮೊದಲು ನಿಮ್ಮ ಹಿತ್ತಲಿನ ಗೋಡೆಯನ್ನು ದೊಡ್ಡವರ ಜೊತೆ ಒಮ್ಮೆ ನೋಡಿ. ಹೊಟ್ಟೆ ಉಬ್ಬಿದೆಯೇ? ಬಿರುಕಿದೆಯೇ? ತೂತುಗಳಲ್ಲಿ ಮಣ್ಣು ಕಟ್ಟಿದೆಯೇ? ಹಾಗಿದ್ದರೆ ಅದರ ಬುಡದಲ್ಲಿ ಆಡಬೇಡಿ. ದೊಡ್ಡವರು ಮೇಸ್ತ್ರಿಯನ್ನು ಕರೆಸಲಿ. ಅಜ್ಜಂದಿರೇ, ಕರೆಸಿದ ಮೇಲೆ ಅವರ ಮಾತನ್ನೂ ಕೇಳಿ!