ಹಗೇವು ಬರಿದಾದ ಊರಿನ ಮೆಣಸಿನಕಾಯಿ

ಬಾಗಲಕೋಟೆಯ ಒಂದು ವಿಚಾರ ಸಂಕಿರಣ. ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ಹಿರಿಯರೊಬ್ಬರು ಐಹೊಳೆಯ ಐನೂರ್ವರ ಬಗ್ಗೆ ಮಾತಾಡುತ್ತ, ಸಾವಿರ ವರ್ಷದ ಹಿಂದೆಯೇ ಈ ನೆಲ ಜಗತ್ತಿಗೆ ಮಸಾಲೆ ಉಣಿಸಿತ್ತು, ಇಂದಿನ ನಮ್ಮ ಮೆಣಸಿನಕಾಯಿ ರಫ್ತು ಅದೇ ಪರಂಪರೆಯ ಮುಂದುವರಿಕೆ ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಪಿಎಚ್.ಡಿ. ಮುಗಿಯದವರಿಗೆ ಚಪ್ಪಾಳೆ ತಟ್ಟದಿರುವ ಸ್ವಾತಂತ್ರ್ಯ ಕಡಿಮೆ. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಮೊದಲು ಒಂದು ಸಣ್ಣ ತಕರಾರು. ಐನೂರ್ವರು ಮೆಣಸಿನಕಾಯಿಯನ್ನು ಕಣ್ಣಿಂದ ಕಂಡವರಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಅವರು ವ್ಯಾಪಾರ ಮಾಡಿದ ಮೆಣಸು, ಏಲಕ್ಕಿ, ಲವಂಗ ಯಾವುದೂ ಹುನಗುಂದದ ಎರೆಹೊಲದಲ್ಲಿ ಬೆಳೆಯುವಂಥದ್ದಲ್ಲ. ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಈ ಸಂಘದ ಹೆಸರಿದೆ. ಹೆಮ್ಮೆಯ ಸಂಗತಿಯೇ. ಆದರೆ ಅದು ವರ್ತಕರ ಹೆಸರು. ಅವರ ಮೂಟೆಯೊಳಗಿನ ಮೆಣಸನ್ನು ಬೆಳೆದವನ ಹೆಸರನ್ನು ನಾನು ಎಲ್ಲೂ ಓದಿಲ್ಲ. ಪರಂಪರೆ ಮುಂದುವರಿದಿದೆ ಎನ್ನುವುದಾದರೆ ಈ ವಿಷಯದಲ್ಲಿ ಖಂಡಿತ ಮುಂದುವರಿದಿದೆ.

2023-24ರಲ್ಲಿ ಭಾರತ ಸುಮಾರು 6 ಲಕ್ಷ ಟನ್ ಮೆಣಸಿನಕಾಯಿ ರಫ್ತು ಮಾಡಿತು, ಬೆಲೆ ಸುಮಾರು 12,500 ಕೋಟಿ ರೂಪಾಯಿ. ಅತಿ ದೊಡ್ಡ ಗಿರಾಕಿ ಚೀನಾ. ಅದೇ ಹಣಕಾಸು ವರ್ಷ ಮುಗಿಯುವ ಮೊದಲೇ, 2024ರ ಮಾರ್ಚ್ 11ರಂದು, ಬ್ಯಾಡಗಿಯ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಇಟ್ಟರು. ದಾಖಲೆ ರಫ್ತಿನ ಸುದ್ದಿಯನ್ನೂ ಬೆಂಕಿಯ ಸುದ್ದಿಯನ್ನೂ ನಾವು ಬೇರೆ ಬೇರೆ ಪುಟಗಳಲ್ಲಿ ಓದಿದೆವು.

ಬೆಂಕಿ ಇಡುವಷ್ಟು ಸಿಟ್ಟು ಏಕೆ ಬಂತು? ಮಾಲನ್ನು ವಾಪಸ್ ಒಯ್ಯುವಂತಿರಲಿಲ್ಲ, ಅದಕ್ಕೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕೂಡ ವಿದೇಶಕ್ಕೆ ಹೋಗುತ್ತದೆ, ಆದರೆ ಕಲ್ಲು ಕಾಯಬಲ್ಲದು. ಮೆಣಸಿನಕಾಯಿಯ ಬಣ್ಣ ಕಾಯುವುದಿಲ್ಲ. ಬ್ಯಾಡಗಿ ತಳಿಗೆ ಬೆಲೆ ಬರುವುದೇ ಖಾರಕ್ಕಲ್ಲ, ಬಣ್ಣಕ್ಕೆ. ಅದರಿಂದ ತೆಗೆದ ಓಲಿಯೋರೆಸಿನ್ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ಆ ಬಣ್ಣವನ್ನು ಅಳೆಯುವ ಮಾನದ ಹೆಸರು ಆಸ್ಟಾ, ಅಂದರೆ ಅಮೆರಿಕದ ಮಸಾಲೆ ವರ್ತಕರ ಸಂಘದ ಹೆಸರಿನ ಮೊದಲಕ್ಷರಗಳು. ಶೀತಲಗೃಹದಲ್ಲಿ ಇಡಬಲ್ಲವನು ಕಾಯುತ್ತಾನೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದವನು ಅಂದೇ ಮಾರುತ್ತಾನೆ. ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಒಂದೇ ಒಂದು ಮಸಾಲೆ ಬೆಳೆಯೂ ಇಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 'ಕಡಿಮೆ ಆದಾಯದ, ಆಹಾರ ಕೊರತೆಯ ದೇಶಗಳು' ಎಂದು ಒಂದು ಪಟ್ಟಿ ಮಾಡುತ್ತದೆ. ತಲಾ ಆದಾಯ ಕಡಿಮೆ ಇರಬೇಕು, ಹೊರಗೆ ಕಳಿಸಿದ ಆಹಾರಕ್ಕಿಂತ ತರಿಸಿಕೊಂಡದ್ದು ಕ್ಯಾಲೊರಿ ಲೆಕ್ಕದಲ್ಲಿ ಹೆಚ್ಚಿರಬೇಕು. ಮಡಗಾಸ್ಕರ್ ಆ ಪಟ್ಟಿಯಲ್ಲಿದೆ. ಜಗತ್ತಿಗೆ ವೆನಿಲಾ, ಲವಂಗ ಕಳಿಸುವ ಆ ದೇಶ ಅಕ್ಕಿ ತರಿಸಿಕೊಳ್ಳುತ್ತದೆ. ಅಲ್ಲಿ 2000ದಲ್ಲಿ ಚಂಡಮಾರುತ ಬೀಸಿ ದರ ಏರಿದಾಗ ನಮ್ಮ ಮಲೆನಾಡಿನವರೂ ವೆನಿಲಾ ಬಳ್ಳಿ ನೆಟ್ಟದ್ದು, ಆಮೇಲೆ ಕಿತ್ತದ್ದು ಕೆಲವರಿಗಾದರೂ ನೆನಪಿರಬಹುದು. ಈ ಪಟ್ಟಿ ಎಣಿಸುವುದು ದೇಶಗಳನ್ನು. ತಾಲೂಕುಗಳನ್ನು ಎಣಿಸುವ ಪಟ್ಟಿ ಇದ್ದಿದ್ದರೆ?

ನಮ್ಮ ಅಜ್ಜಿಯ ಊರು ಹುನಗುಂದದ ಹತ್ತಿರ. ಆ ಮನೆಯ ಮುಂದೆ ಒಂದು ಹಗೇವು ಇತ್ತು, ನೆಲದೊಳಗೆ ಜೋಳ ತುಂಬಿಡುವ ಕಣಜ. ಈಗ ಅದರ ಬಾಯಿಗೆ ಪರಶಿ ಹಾಕಿ ಮೇಲೆ ಮಾವನ ಬೈಕ್ ನಿಲ್ಲಿಸುತ್ತಾರೆ. ಅಜ್ಜಿ ಹೇಳುತ್ತಿದ್ದಳು: "ಹಗೇದಾಗ ಜ್ವಾಳ ಇದ್ರ ದಲಾಲಿಗೆ 'ಒಲ್ಲೆ' ಅನ್ನಾಕ ಬಾಯಿ ಬರತೈತಿ." ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ನಾನು ಹುಡುಕಿದ್ದು ಇದೇ ಮಾತು. ಆಗ ಮೆಣಸಿನಕಾಯಿ ಉಪ್ಪು, ಎಣ್ಣೆ, ಬಟ್ಟೆಗೆ ಕಾಸು ತರುವ ಬೆಳೆ. ಹೊಟ್ಟೆ ಅದನ್ನು ನಂಬಿರಲಿಲ್ಲ. ಈಗ ಅದನ್ನು ಮಾರಿದ ಹಣದಲ್ಲಿ ಜೋಳ ಕೊಳ್ಳಬೇಕು, ಹಾಗಾಗಿ ಎರಡು ಪೇಟೆಗಳಲ್ಲೂ ತಲೆ ಬಾಗಬೇಕು.

ಇಂಥ ಲೆಕ್ಕ ಹಿಂದೆಯೂ ತಪ್ಪಿದೆ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಹತ್ತಿಯ ದರ ಈ ಎರೆನಾಡನ್ನು ಮರುಳು ಮಾಡಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಬಾದಾಮಿ, ಹುನಗುಂದ, ಬಾಗಲಕೋಟೆ ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.4 ಲಕ್ಷ. ಸತ್ತವರೂ ಗುಳೆ ಹೋದವರೂ ಅದರಲ್ಲಿ ಸೇರಿದ್ದಾರೆ. ಅದೇ ಬರದ ವರ್ಷಗಳಲ್ಲಿ ಹಿಂದೂಸ್ತಾನದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಬಾದಾಮಿಯ ಗುಹೆಗಳ ಮೇಲೆ ಬರೆದಷ್ಟನ್ನು ನಾವು ಈ ಐದು ವರ್ಷಗಳ ಮೇಲೆ ಬರೆದಿಲ್ಲ.

ಈಗ ಹಾಗಾಗದು, ರೇಷನ್ ಇದೆ ಎನ್ನುತ್ತೀರಿ. ನಿಜ, ಅನ್ನಭಾಗ್ಯವನ್ನು ಹೀಯಾಳಿಸುವವರ ಸಾಲಿನಲ್ಲಿ ನಾನಿಲ್ಲ. ಆದರೆ 2023ರಲ್ಲಿ ಅಕ್ಕಿ ಸಿಗದೆ ಸರ್ಕಾರ ಐದು ಕಿಲೋ ಬದಲು ತಲೆಗೆ 170 ರೂಪಾಯಿ ಕೊಟ್ಟದ್ದೂ ನಿಜ. ಅದೇ ಜುಲೈನಲ್ಲಿ ಕೇಂದ್ರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಊಟದ ಮಾತು ಬಂದಾಗ ಸರ್ಕಾರಗಳಿಗೂ ಅಜ್ಜಿಯ ತರ್ಕವೇ ಹೊಳೆಯುತ್ತದೆ.

ಹಾಗಾದರೆ ಮೆಣಸಿನಕಾಯಿ ಬಿಟ್ಟು ಜೋಳ ಬಿತ್ತಿ ಎನ್ನುತ್ತೀಯಾ ಎಂದು ಗೆಳೆಯನೊಬ್ಬ ಕೇಳಿದ. ಇಲ್ಲ. ಎಕರೆ ಲೆಕ್ಕದಲ್ಲಿ ಯಾವುದು ಹೆಚ್ಚು ತರುತ್ತದೆ ಎಂದು ರೈತರಿಗೆ ನಾನು ಕಲಿಸಬೇಕಿಲ್ಲ. ನನ್ನ ಜಗಳ ರಫ್ತಿನ ಮೊತ್ತವನ್ನೇ ಊರಿನ ಏಳಿಗೆ ಎಂದು ಓದುವವರ ಜೊತೆ. 2024-25ರಲ್ಲಿ ಮಾಲ್ದಂಡಿ ಜೋಳಕ್ಕೆ ಕ್ವಿಂಟಲಿಗೆ 3,421 ರೂಪಾಯಿ ಬೆಂಬಲ ಬೆಲೆ ಇತ್ತು. ಆ ದರಕ್ಕೆ ಜೋಳ ಕೊಂಡು ಇಲ್ಲಿನ ರೇಷನ್ ಅಂಗಡಿಯಲ್ಲೇ ವರ್ಷವಿಡೀ ಕೊಡಲಿ. ರೈತರ ಕೈಗೆಟುಕುವ ಬಾಡಿಗೆಗೆ ಶೀತಲಗೃಹವನ್ನು ಎಪಿಎಂಸಿಯೇ ನಡೆಸಲಿ. ಮಸಾಲೆ ಬೆಳೆಗೂ ಒಂದು ತಳದ ದರ ಇರಲಿ. ಆಮೇಲೆ ಚೀನಾಕ್ಕಾದರೂ ಕಳಿಸಲಿ, ಚಿಲಿಗಾದರೂ ಕಳಿಸಲಿ.

ಅಂದಿನ ಸಂಕಿರಣದ ಊಟದಲ್ಲಿ ರೊಟ್ಟಿ ತಲೆಗೊಂದೇ ಇತ್ತು, ಅನ್ನ ಬೇಕಾದಷ್ಟು. ಮುಂದಿನ ಸಂಕಿರಣಕ್ಕೆ ನಾನು ಹಗೇವಿನ ಮೇಲೆ ಪ್ರಬಂಧ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.