ಕೊಯ್ಲಾದ ಮೇಲಿನ ನಷ್ಟವೂ ನಮ್ಮ ಕರ್ತವ್ಯವೂ

ಬೆಳೆಯನ್ನು ಬೆಳೆಯಿಸುವುದರಲ್ಲಿ ನಮ್ಮ ವ್ಯವಸಾಯಗಾರರು ತೋರುವ ಶ್ರದ್ಧೆಯು ಕೊಯ್ದ ಬೆಳೆಯನ್ನು ಕಾಪಾಡುವುದರಲ್ಲಿ ಕಂಡುಬರುವುದಿಲ್ಲ. ಬೀಜ, ಗೊಬ್ಬರ, ನೀರು, ಔಷಧಿಗಳಿಗೆ ಸಾಲಮಾಡಿಯಾದರೂ ವೆಚ್ಚಮಾಡುವವರು, ಕಾಯಿಯು ಗಿಡದಿಂದ ಬೇರೆಯಾದೊಡನೆ ಅದರ ವಿಷಯದಲ್ಲಿ ಉದಾಸೀನರಾಗುವರು. ಈ ಔದಾಸೀನ್ಯದ ಬೆಲೆಯೆಷ್ಟೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಪರ್ಯಾಲೋಚಿಸುವುದು ಅವಶ್ಯಕ.

ಟೊಮೇಟೊವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ಲೂಧಿಯಾನಾ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಮ್ಮ ದೇಶದಲ್ಲಿ ಟೊಮೇಟೊ ಫಸಲಿನ ಶೇಕಡಾ 12.44 ಭಾಗವು ಕೊಯ್ಲಿನಿಂದ ಅಂಗಡಿಯನ್ನು ಸೇರುವುದರೊಳಗೆ ಹಾಳಾಗುತ್ತದೆ. ಸೀಬೆಯಲ್ಲಿ ಈ ನಷ್ಟವು ಶೇಕಡಾ 15.88. ಕೋಲಾರದ ಮಾರುಕಟ್ಟೆಯಲ್ಲಿ ನಡೆಯುವ 15 ಕಿಲೋಗ್ರಾಂ ಪೆಟ್ಟಿಗೆಯ ಲೆಕ್ಕದಲ್ಲಿ, ಇದು ನೂರು ಪೆಟ್ಟಿಗೆಗೆ ಹನ್ನೆರಡು ಪೆಟ್ಟಿಗೆಗಳನ್ನು ತಿಪ್ಪೆಗೆ ಸುರಿದುದಕ್ಕೆ ಸಮ. ವರ್ಷವೆಲ್ಲಾ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ, ಆಳವಾದ ಕೊಳವೆ ಬಾವಿಗಳಿಂದೆತ್ತಿದ ನೀರೂ ಕೂಲಿಯವರ ಶ್ರಮವೂ ಆ ಕಾಯಿಗಳೊಡನೆಯೇ ಕೊಳೆಯುವುವು.

ಸರಕಾರವು ಶೀತಲಗೃಹವನ್ನು ಕಟ್ಟಿಸಿಕೊಡುವವರೆಗೆ ನಾವೇನು ಮಾಡಬಲ್ಲೆವೆಂದು ಕೇಳುವವರು ಬಹುಮಂದಿ. ಈ ವಾದವು ನನಗೆ ಸಮ್ಮತವಲ್ಲ. ಟೊಮೇಟೊ ನಷ್ಟದ ಹೆಚ್ಚು ಪಾಲು ಕೊಯ್ಲು, ವಿಂಗಡಣೆ ಮುಂತಾದ ಹೊಲದ ಕೆಲಸಗಳಲ್ಲಿಯೇ ಉಂಟಾಗುತ್ತದೆ. ಹೊಲದಲ್ಲಿ ಕೆಟ್ಟುದನ್ನು ಶೀತಲಗೃಹವು ಸರಿಪಡಿಸಲಾರದು. ಮೇಲಾಗಿ, ಬಲಿತ ಹಸುರು ಟೊಮೇಟೊವನ್ನು ಸುಮಾರು 13 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ಶಾಖದಲ್ಲಿ ಬಹುದಿನ ಇಟ್ಟರೆ ಅದು ಸರಿಯಾಗಿ ಹಣ್ಣಾಗದೆ ಕೆಡುತ್ತದೆ.

ಕೊಯ್ದ ಕಾಯಿಯೂ ಉಸಿರಾಡುವ ವಸ್ತುವೇ. ಶಾಖ ಹೆಚ್ಚಿದಷ್ಟೂ ಅದು ಬೇಗ ಮೆತ್ತಗಾಗುವುದು. ಗಾಯವಾದೆಡೆಯಲ್ಲಿ ಬೂಷ್ಟು ಹಿಡಿಯುವುದು. ಆದುದರಿಂದ ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ದೂರದ ಊರಿಗೆ ಕಳುಹಿಸುವುದಾದರೆ ಬಣ್ಣ ತಿರುಗುತ್ತಿರುವಾಗಲೇ ಕೊಯ್ಯಬೇಕು. ಕೊಯ್ದೊಡನೆ ನೆರಳಿಗೆ ಸೇರಿಸಿ, ಒಡೆದವುಗಳನ್ನು ಬೇರ್ಪಡಿಸಿ, ಪೆಟ್ಟಿಗೆಯ ಅಂಚು ಮೀರದಂತೆ ತುಂಬಬೇಕು. ಪೆಟ್ಟಿಗೆಗಿಷ್ಟೆಂದು ಕೂಲಿ ಗೊತ್ತುಮಾಡಿ ಅವಸರಪಡಿಸುವ ಯಜಮಾನನು, ಕಾಯಿ ಜಜ್ಜಿತೆಂದು ಆಳುಗಳನ್ನು ದೂಷಿಸುವುದು ನ್ಯಾಯವಲ್ಲ.

ಸ್ವಲ್ಪವೇ ಬೆಳೆಯುವವರಿಗೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ, ವಿದ್ಯುಚ್ಛಕ್ತಿಯಿಲ್ಲದ ತಂಪುಗೂಡು ಉಪಯುಕ್ತವಾಗಿದೆ. ಎರಡು ಇಟ್ಟಿಗೆಗೋಡೆಗಳ ನಡುವೆ ಸುಮಾರು 7.5 ಸೆಂಟಿಮೀಟರ್ ತೆರಪು ಬಿಟ್ಟು, ಮರಳು ತುಂಬಿ, ಬೆಳಿಗ್ಗೆಯೂ ಸಂಜೆಯೂ ನೀರಿನಿಂದ ತೋಯಿಸಿದರೆ, ಬೇಸಗೆಯ ಒಣಗಾಳಿಯಲ್ಲಿ ಒಳಗಿನ ಕಾಯಿಪಲ್ಯಗಳು ಕೆಲವು ದಿನ ಬಾಡದೆ ಉಳಿಯುವುವು. ಮಳೆಗಾಲದ ತೇವದಲ್ಲಿ ಮಾತ್ರ ಇದರ ಪ್ರಯೋಜನವು ಅಲ್ಪ.

ಧಾರಣೆಯೇ ಕುಸಿದಾಗ ಕಾಪಾಡಿ ಫಲವೇನೆಂದು ಕೆಲವರು ಆಕ್ಷೇಪಿಸಬಹುದು. ನೆರಳೂ ಜಾಗರೂಕತೆಯೂ ಧಾರಣೆಯನ್ನು ಏರಿಸಲಾರವೆಂಬುದು ನಿಜ. ಆದರೆ 2023ರ ಜುಲೈ ತಿಂಗಳಲ್ಲಿ ಕೋಲಾರದ ಒಂದು ಪೆಟ್ಟಿಗೆಯ ಬೆಲೆ 2,000 ರೂಪಾಯಿಗಳನ್ನು ಮೀರಿದುದು ಸರ್ವವಿದಿತ. ಅಂತಹ ಸಮಯದಲ್ಲಿ ಜಜ್ಜಿದ ಕಾಯಿಯನ್ನು ಒಯ್ದವನಿಗೆ ಆ ಲಾಭವು ದೊರೆಯದು. ಇಳಿಗಾಲದಲ್ಲಿಯೂ ಎರಡು ದಿನ ತಾಳುವ ಮಾಲುಳ್ಳವನು, ಅಂದೇ ಮಾರಲೇಬೇಕಾದವನಷ್ಟು ನಿರುಪಾಯನಲ್ಲ.

ಬಡ ರೈತನೊಬ್ಬನೇ ಚಪ್ಪರ ಹಾಕಿಸಲು ಅಶಕ್ತನಾಗಿರಬಹುದು. ಲಾರಿ ಬಂದು ನಿಲ್ಲುವ ಸ್ಥಳದಲ್ಲಿ ಗ್ರಾಮಕ್ಕೊಂದು ವಿಂಗಡಣೆಯ ಚಪ್ಪರವನ್ನು ಹಾಕಿಸುವುದು ಮುಖಂಡರಿಗೂ ಅನುಕೂಲಸ್ಥರಿಗೂ ಅಸಾಧ್ಯವಾದುದಲ್ಲ. ಮುಂದಿನ ಕೊಯ್ಲಿಗೆ ಮೊದಲೇ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ಸ್ಥಳವನ್ನು ನಿಶ್ಚಯಿಸಿ ಕಾರ್ಯಪ್ರವೃತ್ತರಾಗಬೇಕೆಂದು ನಮ್ಮ ವಿಜ್ಞಾಪನೆ.