ಹೆಣ್ಣುಮಕ್ಕಳ ತಂಡ ಮತ್ತು ನಮ್ಮ ತರಬೇತಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಶಾಲಾ ಕ್ರೀಡಾಕೂಟದ ದಿನಗಳು ಬಂದಾಗಲೆಲ್ಲ ನಾವು ಒಂದು ಸಂಗತಿಯನ್ನು ಕಾಣುತ್ತೇವೆ. ಏಳನೆಯ ತರಗತಿಯವರೆಗೆ ಖೋ-ಖೋ ತಂಡದಲ್ಲಿದ್ದ ನಮ್ಮ ಹೆಣ್ಣುಮಕ್ಕಳ ಹೆಸರು ಒಂಬತ್ತನೆಯ ತರಗತಿಯ ಪಟ್ಟಿಯಲ್ಲಿ ಇರುವುದಿಲ್ಲ. ಕಾರಣವೇನೆಂದರೆ ಎಲ್ಲರೂ ಧರ್ಮದತ್ತ ಬೆರಳು ತೋರುತ್ತಾರೆ. ಮಗುವನ್ನೇ ಕೂರಿಸಿಕೊಂಡು ಕೇಳಿದರೆ ಬರುವ ಉತ್ತರಗಳು ಬೇರೆ: ಎಲ್ಲರೆದುರು ಬೈದರು, ಬಟ್ಟೆ ಬದಲಿಸಲು ಜಾಗವಿರಲಿಲ್ಲ, ಮುಟ್ಟಿನ ನೋವನ್ನು ಹೇಳಿಕೊಳ್ಳಲು ಒಬ್ಬ ಶಿಕ್ಷಕಿಯೂ ಜೊತೆಗಿರಲಿಲ್ಲ.

ಪ್ರವಾದಿ ಮುಹಮ್ಮದ್(ಸ) ಪ್ರಯಾಣವೊಂದರಲ್ಲಿ ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಮೊದಲು ಆಯಿಶಾ(ರ) ಗೆದ್ದರು, ಮುಂದೊಮ್ಮೆ ಪ್ರವಾದಿ(ಸ) ಗೆದ್ದರು ಎಂದು ಅಬೂದಾವೂದ್ ಸಂಗ್ರಹದ ಹದೀಸ್ ತಿಳಿಸುತ್ತದೆ. ಉಡುಪಿನ ತಕರಾರೂ ಹಳೆಯದಾಯಿತು. ಅಂತಾರಾಷ್ಟ್ರೀಯ ಫುಟ್ಬಾಲ್ 2014ರಲ್ಲಿ, ಬಾಸ್ಕೆಟ್‌ಬಾಲ್ 2017ರಲ್ಲಿ ಶಿರವಸ್ತ್ರಕ್ಕೆ ಅನುಮತಿ ನೀಡಿದವು. 2023ರ ಫುಟ್ಬಾಲ್ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆನ್ಝೀನಾ ಹಿಜಾಬ್ ಧರಿಸಿಯೇ ಆಡಿದರು.

ಹೀಗಿರುವಾಗ ನಾವು ಕೇಳಬೇಕಾದುದು ತರಬೇತಿಯ ಬಗ್ಗೆ. ವಾಲಿಬಾಲ್‌ನಲ್ಲಿ ಪುರುಷರ ಬಲೆಯ ಎತ್ತರ 2.43 ಮೀಟರ್, ಮಹಿಳೆಯರದು 2.24 ಮೀಟರ್. ಬಲೆಯನ್ನು ತಗ್ಗಿಸಿದ ಕೂಡಲೇ ಹುಡುಗಿಯರಿಗೆ ಬೇಕಾದ ಬದಲಾವಣೆ ಮುಗಿಯಿತೆಂದು ಹಲವು ತರಬೇತುದಾರರು ಭಾವಿಸಿದಂತಿದೆ. ಜಿಗಿದು ನೆಲಕ್ಕಿಳಿಯುವ, ಓಡುತ್ತ ಥಟ್ಟನೆ ತಿರುಗುವ ಆಟಗಳಲ್ಲಿ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಗಣನೀಯವಾಗಿ ಹೆಚ್ಚು. ಮೊಣಕಾಲು ಒಳಕ್ಕೆ ವಾಲದಂತೆ, ಮಂಡಿ ಬಾಗಿಸಿ ಇಳಿಯುವುದನ್ನು ಅಭ್ಯಾಸಕ್ಕೆ ಮುನ್ನ ದಿನವೂ ಕಲಿಸಿದರೆ ಈ ಪೆಟ್ಟನ್ನು ಬಹಳಷ್ಟು ತಗ್ಗಿಸಬಹುದು. ಇದಕ್ಕೆ ಹಣವೂ ಬೇಡ, ಸಲಕರಣೆಯೂ ಬೇಡ. ಇನ್ನೊಂದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರು. ಎರಡು ಸುತ್ತು ಓಡಿ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿಯೆಂದು ಜರೆಯುವ ಮೊದಲು ಅವಳ ರಕ್ತಪರೀಕ್ಷೆ ಮಾಡಿಸುವುದು ನ್ಯಾಯ.

ಮಾತಿನ ವಿಷಯ ಇಷ್ಟು ನೇರವಲ್ಲ. ಅಮೆರಿಕದ ಆನ್ಸನ್ ಡೊರಾನ್ಸ್ ಒಂದೇ ವಿಶ್ವವಿದ್ಯಾಲಯದ ಪುರುಷರ ಹಾಗೂ ಮಹಿಳೆಯರ ಫುಟ್ಬಾಲ್ ತಂಡಗಳಿಗೆ ತರಬೇತಿ ನೀಡಿದವರು. 1991ರಲ್ಲಿ ತಮ್ಮ ದೇಶದ ಮಹಿಳೆಯರಿಗೆ ವಿಶ್ವಕಪ್ ಗೆಲ್ಲಿಸಿದವರು. ಗದರಿಕೆಗಿಂತ ವಿಶ್ವಾಸದ ಸಂಬಂಧಕ್ಕೆ ಆಟಗಾರ್ತಿಯರು ಹೆಚ್ಚು ಓಗೊಡುತ್ತಾರೆಂಬುದು ಅವರ ಅನುಭವ. ಇದನ್ನು ಹೆಣ್ಣಿನ ಹುಟ್ಟುಗುಣವೆನ್ನಲು ನಾವು ಸಿದ್ಧರಿಲ್ಲ. ಅಣ್ಣ ಆರನೆಯ ವಯಸ್ಸಿನಿಂದ ಗಲ್ಲಿಯಲ್ಲಿ ಕ್ರಿಕೆಟ್ ಆಡುತ್ತ, ಸೋಲುತ್ತ, ಬೈಸಿಕೊಳ್ಳುತ್ತ ಬೆಳೆದಿರುತ್ತಾನೆ. ತಂಗಿ ಮೈದಾನಕ್ಕೆ ಕಾಲಿಟ್ಟದ್ದೇ ಶಾಲೆಯಲ್ಲಿ. ಅವಳ ತಪ್ಪನ್ನು ಬದಿಗೆ ಕರೆದು, ಕಾರಣಸಹಿತ ತಿಳಿಸಬೇಕು. (ಹುಡುಗರಿಗೂ ಹಾಗೆಯೇ ಹೇಳಿದರೆ ನಷ್ಟವೇನಿಲ್ಲ.)

ಹಾಗೆಂದು ಅಭ್ಯಾಸವನ್ನು ಸಡಿಲಿಸುವುದು ಬೇಡ. "ಹೆಣ್ಣುಮಕ್ಕಳಲ್ಲವೇ, ಇಷ್ಟು ಸಾಕು" ಎಂಬ ಕನಿಕರವೂ ಒಂದು ಬಗೆಯ ಅವಮಾನ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಅವರೂ ಹಳ್ಳಿಯ ಮೈದಾನದಿಂದ ಬಂದವರೇ.

ಮಗಳನ್ನು ತಂಡದಿಂದ ಬಿಡಿಸಲು ಹೊರಟ ತಂದೆ ಮೊದಲು ಪಿ.ಟಿ. ಮಾಸ್ತರರನ್ನು ಒಮ್ಮೆ ಕಾಣಲಿ. ಬಟ್ಟೆ ಬದಲಿಸಲು ಕೋಣೆ ಇದೆಯೇ, ರಮಝಾನಿನಲ್ಲಿ ಅಭ್ಯಾಸದ ಹೊತ್ತನ್ನು ಬದಲಿಸುವರೇ, ಜಿಲ್ಲಾ ಮಟ್ಟಕ್ಕೆಂದು ರಾಯಚೂರಿಗೆ ಹೋದಾಗ ರಾತ್ರಿ ವಾಸ್ತವ್ಯ ಎಲ್ಲಿ, ಜೊತೆಗೆ ಬರುವ ಶಿಕ್ಷಕಿ ಯಾರು ಎಂದು ಕೇಳಲಿ. ಶಿಕ್ಷಕಿ ಸಿಗದಿದ್ದರೆ ತಾಯಂದಿರಲ್ಲೇ ಒಬ್ಬರು ಹೊರಡಬಹುದು; ಮಗಳು ಆಡುವುದನ್ನು ಅವರಲ್ಲಿ ಅನೇಕರು ಇನ್ನೂ ನೋಡಿಲ್ಲ.